ಬೇಟೆಯ ನಾಯಿಯೂ ಕುರಿಯ ಹಿಂಡೂ: ಒಂದು ಶಿಕ್ಷಣಕ್ರಮದ ಚರಿತ್ರೆ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. 949-50ರ ಶಿಲಾಶಾಸನವು ಕರ್ಣಾಟಕದ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆಲ್ಲ ಸುಪರಿಚಿತವಾದುದು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನು, ಒಡೆಯನು ಮೆಚ್ಚಿ ವರವನ್ನು ಬೇಡೆಂದಾಗ, ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆಯ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಬಿದ್ದವು. ಅದರ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಡಲಾಯಿತು.

ಈ ಶಾಸನವನ್ನು ಓದುವಾಗ ನಮ್ಮಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಂದಿಯನ್ನು ಕೆಡವಬಲ್ಲ ನಾಯಿಯು ಗುಡ್ಡವನ್ನು ಸೇರುವ ಮುನ್ನ ಊರಿನ ಹೊಲಗದ್ದೆಗಳನ್ನೂ, ಮೇಯುತ್ತಿರುವ ಕುರಿ ದನಗಳನ್ನೂ ದಾಟಿಯೇ ಹೋಗಬೇಕಷ್ಟೆ. ಬೆದರಿ ಓಡುವ ಜಿಂಕೆಗೂ ಬೆದರಿ ಓಡುವ ಕುರಿಗೂ ಇರುವ ಭೇದವು ಮನುಷ್ಯನು ಮಾಡಿದ ಭೇದ. ಒಂದಕ್ಕೆ ಒಡೆಯನಿಲ್ಲ, ಇನ್ನೊಂದಕ್ಕೆ ಒಡೆಯನುಂಟು. ನಾಯಿಯ ಕಣ್ಣಿಗೆ ಎರಡೂ ಓಡುವ ಪ್ರಾಣಿಗಳೇ. ಹೀಗಿರಲು ಒಂದನ್ನು ಬೆನ್ನಟ್ಟಿ ಇನ್ನೊಂದನ್ನು ಬಿಟ್ಟುಬಿಡುವಂತೆ ನಾಯಿಗೆ ಕಲಿಸಿದವರು ಯಾರು? ಕಲಿಸಿದ ಬಗೆ ಯಾವುದು? ಕಲಿಕೆ ತಪ್ಪಿ ಕುರಿ ಸತ್ತಾಗ ನಷ್ಟವನ್ನು ಹೊತ್ತವರು ಯಾರು? ವೀರವನ್ನು ಕೊಂಡಾಡುವ ಶಾಸನದಿಂದ ಇದಕ್ಕೆ ಉತ್ತರವನ್ನು ನಿರೀಕ್ಷಿಸುವುದು ಸರಿಯಲ್ಲ. ಆದುದರಿಂದ, ಬೇಟೆಯ ಕೈಪಿಡಿಗಳೂ ನ್ಯಾಯಶಾಸನಗಳೂ ಎರಡೂ ದೊರೆಯುವ ಇಂಗ್ಲೆಂಡಿನ ಚರಿತ್ರೆಯನ್ನು ಮುಖ್ಯವಾಗಿ ಆಧರಿಸಿ ಈ ವಿಷಯವನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಮೊದಲು ನಮ್ಮ ದೇಶದ ಎರಡು ಗ್ರಂಥಗಳನ್ನು ನೋಡಿ ಮುಂದುವರಿಯುವುದು ಯುಕ್ತ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಗೋವುಗಳ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಬೇಡರೂ ನಾಯಿಗಳ ಹಿಂಡನ್ನು ಸಾಕಿದವರೂ ಕಳ್ಳರ, ದುಷ್ಟಮೃಗಗಳ ಮತ್ತು ಶತ್ರುಗಳ ಭಯವನ್ನು ತೊಲಗಿಸಿದ ಕಾಡಿನಲ್ಲಿ ಗೋವಳರು ದನಗಳನ್ನು ಮೇಯಿಸತಕ್ಕದ್ದೆಂದು ಅಲ್ಲಿ ವಿಧಿಸಿದೆ. ದನಗಳ ಕೊರಳಿಗೆ ಗಂಟೆಯನ್ನು ಕಟ್ಟಬೇಕೆಂಬ ವಿಧಿಯೂ ಅಲ್ಲಿಯೇ ಉಂಟು. ಎಂದರೆ ಬೇಟೆಯ ನಾಯಿಯೂ ಮೇಯುವ ಹಸುವೂ ಒಂದೇ ಕಾಡನ್ನು ಹಂಚಿಕೊಂಡಿದ್ದವು. ಮೊದಲನೆಯದು ಎರಡನೆಯದಕ್ಕೆ ದಾರಿಯನ್ನು ಹಸನು ಮಾಡುತ್ತಿದ್ದಿತು. ನಾಯಿಯು ಹಸುವಿನ ಮೇಲೆಯೇ ಬೀಳುವಂತಿದ್ದರೆ ಇಂತಹ ವ್ಯವಸ್ಥೆ ಒಂದು ದಿನವೂ ನಡೆಯುತ್ತಿರಲಿಲ್ಲ. ಅಂತೆಯೇ ಚಾಳುಕ್ಯ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಮಾನಸೋಲ್ಲಾಸವು ನಾಯಿಗಳ ವಿನೋದಕ್ಕೂ ಬೇಟೆಯ ವಿನೋದಕ್ಕೂ ಬೇರೆಬೇರೆ ಪ್ರಕರಣಗಳನ್ನು ಮೀಸಲಿಟ್ಟಿದೆ. ಆದರೆ ಅದು ಅರಸನ ವಿನೋದವನ್ನು ಅರಸನ ಕಡೆಯಿಂದ ನೋಡಿ ಬರೆದ ಗ್ರಂಥ. ಕುರಿಗಾಹಿಯ ಕಡೆಯಿಂದ ಬರೆದುದಲ್ಲ.

ಪ್ರಾಚೀನ ಐರೋಪ್ಯ ಲೇಖಕರಿಗೂ ಈ ಸಮಸ್ಯೆಯ ಅರಿವು ಇದ್ದಿತು. ಪ್ಲೇಟೋ ತನ್ನ ರಿಪಬ್ಲಿಕ್ ಗ್ರಂಥದಲ್ಲಿ ರಾಜ್ಯದ ರಕ್ಷಕರನ್ನು ಕುರುಬನ ನಾಯಿಗಳಿಗೆ ಹೋಲಿಸಿ, ಹಸಿವಿನಿಂದಲೋ ಶಿಸ್ತಿನ ಕೊರತೆಯಿಂದಲೋ ಕೆಟ್ಟ ಚಾಳಿಯಿಂದಲೋ ನಾಯಿಯೇ ಕುರಿಯ ಮೇಲೆ ಬಿದ್ದು ತೋಳನಂತಾಗುವುದು ಕುರುಬನಿಗೆ ಅತ್ಯಂತ ನಾಚಿಕೆಗೇಡು ಎಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕೃಷಿಲೇಖಕ ಕಾಲುಮೆಲ್ಲನು ಮನೆಗಾವಲಿನ ನಾಯಿ, ಕುರಿಗಾವಲಿನ ನಾಯಿ, ಬೇಟೆಯ ನಾಯಿ ಎಂದು ವಿಂಗಡಿಸಿ, ಮೂರನೆಯದು ಒಕ್ಕಲಿಗನಿಗೆ ನೆರವಾಗದಿರುವುದಷ್ಟೇ ಅಲ್ಲ, ಅವನನ್ನು ಕೆಲಸದಿಂದ ಬೇರೆಡೆಗೆ ಸೆಳೆಯುತ್ತದೆ ಎಂದು ಬಿಟ್ಟುಬಿಡುತ್ತಾನೆ. ಒಕ್ಕಲಿಗನ ಹಿತವನ್ನು ಮುಂದಿಟ್ಟುಕೊಂಡವನಿಗೆ ಬೇಟೆಯ ನಾಯಿ ದೂರವಿದ್ದರೇ ಲೇಸೆಂದು ತೋರಿದುದು ಸಹಜವೇ ಆಗಿದೆ.

ಮಧ್ಯಯುಗದ ಇಂಗ್ಲೆಂಡಿಗೆ ಬಂದರೆ ವಿಚಿತ್ರವಾದೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಲ್ಲಿ ನಾಯಿಯ ವಿಷಯವಾಗಿ ಕಟ್ಟುನಿಟ್ಟಾದ ಕಾನೂನು ಇದ್ದಿತು. ಆದರೆ ಅದು ರೈತನ ಕುರಿಯನ್ನು ಅರಸನ ನಾಯಿಯಿಂದ ಕಾಪಾಡುವುದಕ್ಕಲ್ಲ, ಅರಸನ ಜಿಂಕೆಯನ್ನು ರೈತನ ನಾಯಿಯಿಂದ ಕಾಪಾಡುವುದಕ್ಕೆ. 1217ರ ಅರಣ್ಯ ಸನ್ನದು ಈ ಪದ್ಧತಿಯನ್ನು ಒಂದು ಮಿತಿಗೆ ತಂದಿತೇ ವಿನಾ ತೆಗೆದುಹಾಕಲಿಲ್ಲ. ಅದರಂತೆ ರಾಜಾರಣ್ಯದ ವ್ಯಾಪ್ತಿಯಲ್ಲಿ ವಾಸಿಸುವವರ ನಾಯಿಗಳ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸಬೇಕು. ಮೂರು ವರ್ಷಕ್ಕೊಮ್ಮೆ ತನಿಖೆ ನಡೆಯಬೇಕು. ಉಗುರು ಕತ್ತರಿಸದ ನಾಯಿ ಸಿಕ್ಕಿದರೆ ಅದರ ಒಡೆಯನು ಮೂರು ಷಿಲಿಂಗು ದಂಡ ತೆರಬೇಕು. ಇಲ್ಲಿ ಶಿಕ್ಷಣದ ಮಾತೇ ಇಲ್ಲ. ಬಡವನ ನಾಯಿಯ ಕಾಲನ್ನು ಊನಮಾಡುವುದೇ ಸಾಕಾದ ಉಪಾಯವೆನಿಸಿತ್ತು.

ಶ್ರೀಮಂತರ ನಾಯಿಗಳಾದರೋ ಸಾಧುಗಳಾಗಿದ್ದುವೆಂದು ತಿಳಿಯಬಾರದು. ಫ್ರಾನ್ಸಿನ ಫುವಾ ಪ್ರಾಂತದ ಕೌಂಟ್ ಗಾಸ್ತೋನನು 1387ರಲ್ಲಿ ಆರಂಭಿಸಿದ ಬೇಟೆಯ ಗ್ರಂಥವನ್ನು, ಯಾರ್ಕಿನ ಡ್ಯೂಕನಾದ ಎಡ್ವರ್ಡನು 1406ರಿಂದ 1413ರ ನಡುವೆ ‘ಮಾಸ್ಟರ್ ಆಫ್ ಗೇಮ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಇಳಿಸಿದನು. ಅದರಲ್ಲಿ ಆಲಾಂಟ್ ಎಂಬ ಬಲಿಷ್ಠ ಜಾತಿಯ ನಾಯಿಗಳನ್ನು ವರ್ಣಿಸುವಾಗ, ಅವು ಕುದುರೆಗಳನ್ನು ಕಚ್ಚುವುವೆಂದೂ, ಎತ್ತು ಕುರಿ ಹಂದಿಗಳ ಮೇಲೆ ಬೀಳುವುವೆಂದೂ, ತಮ್ಮ ಒಡೆಯರನ್ನೇ ಕೊಂದುದೂ ಉಂಟೆಂದೂ ಹೇಳಿದೆ. ಇದನ್ನು ಆ ಜಾತಿಯ ಸ್ವಭಾವವೆಂಬಂತೆ ಹೇಳಿರುವರೇ ಹೊರತು ತಿದ್ದಬಹುದಾದ ದೋಷವೆಂದು ಹೇಳಿಲ್ಲ. ಕುರಿಯ ಒಡೆಯನು ಬೇಟೆಗಾರನ ಅಧೀನನಾಗಿದ್ದ ಕಾಲದಲ್ಲಿ ತಿದ್ದಬೇಕೆಂಬ ಒತ್ತಾಯವೂ ಅಷ್ಟಾಗಿ ಇದ್ದಿರಲಾರದು.

ಈ ಸ್ಥಿತಿ ಬದಲಾದುದು 18ನೆಯ ಶತಮಾನದಲ್ಲಿ. ಜಿಂಕೆಯ ಬೇಟೆ ಕುಗ್ಗಿ, ನರಿಯ ಬೇಟೆ ಗಣ್ಯರ ಮುಖ್ಯ ವಿನೋದವಾಯಿತು. ಜಿಂಕೆಯ ಬೇಟೆ ಬಹುಮಟ್ಟಿಗೆ ಅರಣ್ಯ ಉಪವನಗಳಲ್ಲಿ ನಡೆಯುತ್ತಿದ್ದರೆ, ನರಿಯ ಬೇಟೆ ನಡೆಯುವುದು ಬೇಲಿಹಾಕಿದ ಹುಲ್ಲುಗಾವಲುಗಳ ಮೇಲೆ, ಎಂದರೆ ಕುರಿ ದನಗಳ ನಡುವೆ. ಲೆಸ್ಟರ್‌ಷೈರಿನ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ಕ್ವಾರ್ನ್ ಎಂಬಲ್ಲಿ ಹ್ಯೂಗೋ ಮೆನೆಲ್ ಎಂಬಾತನು 1753ರಿಂದ 1800ರವರೆಗೆ ಬೇಟೆಯ ನಾಯಿಗಳ ಹಿಂಡನ್ನು ನಡೆಸಿ, ವೇಗವಾಗಿ ಓಡುವ ಹೊಸ ತಳಿಯನ್ನು ರೂಪಿಸಿದನು. ಅಲ್ಲಿಂದ ಕೆಲವೇ ಮೈಲಿಗಳ ದೂರದ ಡಿಷ್ಲಿಯಲ್ಲಿ ಅದೇ ಕಾಲದಲ್ಲಿ ರಾಬರ್ಟ್ ಬೇಕ್‌ವೆಲ್ (1725-1795) ಹೊಸ ಲೆಸ್ಟರ್ ಎಂಬ ಕುರಿಯ ತಳಿಯನ್ನು ಬೆಳೆಸಿ, ತನ್ನ ಟಗರುಗಳನ್ನು ಹಂಗಾಮಿಗೆ ನೂರಾರು ಗಿನಿಗಳ ಬಾಡಿಗೆಗೆ ಕೊಡುತ್ತಿದ್ದನು. ಒಂದೇ ಸೀಮೆಯಲ್ಲಿ ಒಬ್ಬನು ಹೆಚ್ಚು ವೇಗದ ನಾಯಿಯನ್ನೂ ಇನ್ನೊಬ್ಬನು ಹೆಚ್ಚು ಬೆಲೆಯ ಕುರಿಯನ್ನೂ ಸಿದ್ಧಪಡಿಸುತ್ತಿದ್ದರೆಂಬುದನ್ನು ಗಮನಿಸಬೇಕು. ಕುರಿಯ ಬೆಲೆ ಏರಿದ ಮೇಲೆ ನಾಯಿಯ ತಪ್ಪನ್ನು ಸ್ವಭಾವವೆಂದು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ. ರೈತನು ತನ್ನ ಹೊಲದ ಮೇಲೆ ಬೇಟೆಯವರನ್ನು ಬರಗೊಡದಿದ್ದರೆ ಬೇಟೆಯೇ ಇಲ್ಲ. ಆದುದರಿಂದ ಅವನ ಸಮ್ಮತಿಯನ್ನು ಉಳಿಸಿಕೊಳ್ಳುವುದು ಬೇಟೆಗಾರನಿಗೆ ಅನಿವಾರ್ಯವಾಯಿತು.

ಈ ಕಾಲದ ಶಿಕ್ಷಣಕ್ರಮವನ್ನು ತಿಳಿಯಲು ಡಾರ್ಸೆಟ್ ಪ್ರಾಂತದ ಪೀಟರ್ ಬೆಕ್‌ಫರ್ಡನು 1781ರಲ್ಲಿ ಮಿತ್ರನಿಗೆ ಬರೆದ ಪತ್ರಗಳ ರೂಪದಲ್ಲಿ ಪ್ರಕಟಿಸಿದ ‘ಬೇಟೆಯನ್ನು ಕುರಿತ ಆಲೋಚನೆಗಳು’ ಎಂಬ ಗ್ರಂಥವು ಉತ್ತಮ ಆಧಾರವಾಗಿದೆ. ಕುರಿಯನ್ನು ಕೊಲ್ಲುವ ಚಾಳಿ ಹಿಡಿದ ನಾಯಿಯನ್ನು ಟಗರಿನೊಡನೆ ಕಟ್ಟಿಹಾಕಿ ಗುಮ್ಮಿಸುವುದು ಆಗ ಕೆಲವರು ಅನುಸರಿಸುತ್ತಿದ್ದ ಉಪಾಯ. ಬೆಕ್‌ಫರ್ಡನು ಇದನ್ನು ಹಾಸ್ಯಮಾಡಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಪರಿಚಿತನಾದ ಒಬ್ಬ ಶ್ರೀಮಂತನು ತನ್ನ ಹಿಂಡಿಗೆ ಬುದ್ಧಿ ಕಲಿಸಬೇಕೆಂದು ಅತಿ ದೊಡ್ಡ ಟಗರೊಂದನ್ನು ನಾಯಿಮನೆಯೊಳಕ್ಕೆ ಬಿಡಿಸಿದನಂತೆ. ಆಳುಗಳ ಚಾವಟಿಯೂ ಟಗರಿನ ಕೊಂಬೂ ಸೇರಿ ನಾಯಿಗಳು ಮೊದಲು ಕಂಗಾಲಾದುವು. ಆತನು ಹಿಗ್ಗಿನಿಂದ ಸ್ನೇಹಿತನೊಬ್ಬನನ್ನು ಆ ತಮಾಷೆ ನೋಡಲು ಕರೆತಂದು ಬಾಗಿಲು ತೆರೆಸಿದಾಗ ಸದ್ದೇ ಇಲ್ಲ, ಟಗರೂ ಇಲ್ಲ. ಅದನ್ನು ಪೂರ್ಣವಾಗಿ ತಿಂದು ಮುಗಿಸಿ ನಾಯಿಗಳು ಮಲಗಲು ಹೋಗಿದ್ದುವು.

ಈ ಪ್ರಸಂಗದಲ್ಲಿ ನಗುವಿನ ಜೊತೆಗೆ ತಿಳಿವೂ ಇದೆ. ಹೊಡೆದು ಹೆದರಿಸಿದಾಗ ನಾಯಿಯು ಹೆದರುವುದು ಹೊಡೆಯುವವನಿಗೆ. ಅವನು ಬಾಗಿಲು ಹಾಕಿಕೊಂಡು ಹೋದ ಕೂಡಲೇ ಹೆದರಿಕೆಯೂ ಹೋಗುತ್ತದೆ. ಬೇಟೆಯಲ್ಲಾದರೋ ನಾಯಿಗಳು ಸವಾರನಿಗಿಂತ ಬಹು ಮುಂದೆ, ಬೇಲಿಗಳಾಚೆ, ಕಣ್ಣಿಗೆ ಕಾಣದಂತೆ ಓಡುತ್ತಿರುತ್ತವೆ. ಅಂತಹ ಸ್ಥಳದಲ್ಲಿ ಕುರಿಯನ್ನು ಕಾಪಾಡಬೇಕಾದುದು ಚಾವಟಿಯಲ್ಲ, ನಾಯಿಯ ಮನಸ್ಸಿನಲ್ಲಿಯೇ ಬೇರೂರಿದ ಅಭ್ಯಾಸ. ಆ ಅಭ್ಯಾಸವನ್ನು ಬೆಳೆಸಲು ರೂಢಿಗೆ ಬಂದ ಕ್ರಮವನ್ನು ಮೂರು ಘಟ್ಟಗಳಾಗಿ ವಿಂಗಡಿಸಬಹುದು.

ಮೊದಲನೆಯದು ಮರಿಗಳನ್ನು ಒಕ್ಕಲು ಮನೆಗೆ ಬಿಡುವ ಘಟ್ಟ. ಎಂಟು ಹತ್ತು ವಾರಗಳಾದ ಮರಿಗಳನ್ನು ನಾಯಿಮನೆಯಲ್ಲಿ ಇಟ್ಟುಕೊಳ್ಳದೆ, ಸುತ್ತಲಿನ ಗೇಣಿದಾರರ, ಕಟುಕರ, ಹಳ್ಳಿಯ ಇತರ ನಿವಾಸಿಗಳ ಮನೆಗಳಿಗೆ ಒಂದು ಎರಡರಂತೆ ಹಂಚುತ್ತಿದ್ದರು. ಮುಂದಿನ ವಸಂತದವರೆಗೆ ಅವು ಅಲ್ಲಿಯೇ ಬೆಳೆಯುತ್ತಿದ್ದುವು. ಕೋಳಿಗಳ ನಡುವೆ ಉಂಡು, ಕರುಗಳ ಕಾಲಿನ ಕೆಳಗೆ ನುಸುಳಿ, ಕುರಿಗಳು ಮೇಯುವುದನ್ನೂ ಓಡುವುದನ್ನೂ ದಿನವೂ ಕಂಡು, ಅತಿಯಾಗಿ ಸಲಿಗೆ ತೋರಿದರೆ ತಾಯಿಕುರಿಯಿಂದ ಹಾಯಿಸಿಕೊಂಡು, ಅವು ಇವೆಲ್ಲವನ್ನೂ ಮನೆಯ ಮಾಮೂಲಿನ ಸಂಗತಿಗಳೆಂದು ಎಣಿಸುವಂತಾಗುತ್ತಿದ್ದುವು. ಎರಡನೆಯದು ಜೋಡಿಕಟ್ಟುವ ಘಟ್ಟ. ನಾಯಿಮನೆಗೆ ಮರಳಿದ ಎಳೆಯ ನಾಯಿಯನ್ನು ಇನ್ನೊಂದು ನಾಯಿಯೊಡನೆ, ಹಲವೇಳೆ ಅನುಭವಿಯಾದ ಹಳೆಯ ನಾಯಿಯೊಡನೆ, ಕೊರಳಪಟ್ಟಿಗಳನ್ನು ಗಿಡ್ಡ ಸರಪಳಿಯಿಂದ ಬೆಸೆದು, ಬೇಸಗೆಯ ಬೆಳಗಿನ ಹೊತ್ತು ಕುರಿಮಂದೆಗಳ ಮತ್ತು ಸಾಕಿದ ಜಿಂಕೆಗಳ ನಡುವೆ ನಡೆಸಿಕೊಂಡು ಹೋಗುತ್ತಿದ್ದರು. ಎಳೆಯದು ಕುರಿಯತ್ತ ಜಗ್ಗಿದರೂ ಹಳೆಯದು ಕದಲುವುದಿಲ್ಲ. ನೋಡಿದರೂ ನೋಡದಂತೆ ಸಾಗುವವರೆಗೆ ಈ ನಡೆದಾಟ ದಿನದಿನವೂ ನಡೆಯಬೇಕು. ಮೂರನೆಯದು ಬಿಡುಗಡೆಯ ಘಟ್ಟ. ಜೋಡಿಯನ್ನು ಬಿಚ್ಚಿ ಹಿಂಡಿನೊಡನೆ ಬಿಟ್ಟಾಗ, ವಿಪ್ಪರ್-ಇನ್ ಎಂದು ಕರೆಯುವ ಸಹಾಯಕನು ಪಕ್ಕದಲ್ಲಿ ಸವಾರಿ ಮಾಡುತ್ತ, ಕುರಿಯತ್ತ ತಲೆಯೆತ್ತಿದ ನಾಯಿಯನ್ನು ಹೆಸರು ಹಿಡಿದು ಗದರಿಸುತ್ತಾನೆ. ಗದರಿಕೆ ಓಟ ಆರಂಭವಾದ ಮೇಲೆ ಅಲ್ಲ, ನೋಟ ನೆಟ್ಟ ಗಳಿಗೆಯಲ್ಲಿಯೇ ಬೀಳಬೇಕೆಂಬುದು ಇಲ್ಲಿಯ ಮರ್ಮ. ತನ್ನದಲ್ಲದ ಪ್ರಾಣಿಯನ್ನು ಅಟ್ಟುವ ಈ ತಪ್ಪಿಗೆ ಇಂಗ್ಲಿಷ್ ಬೇಟೆಗಾರರು ‘ರಯಟ್’, ಎಂದರೆ ದಂಗೆ, ಎಂಬ ಹೆಸರನ್ನೇ ಕೊಟ್ಟಿದ್ದರೆಂಬುದು ಅರ್ಥಗರ್ಭಿತವಾಗಿದೆ.

ಈ ಮೂರರಲ್ಲಿ ಮೊದಲನೆಯದೇ ತಳಹದಿ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ 20ನೆಯ ಶತಮಾನದ ವಿಜ್ಞಾನದಿಂದಲೂ ಸಮರ್ಥನೆ ದೊರೆಯುತ್ತದೆ. ಅಮೆರಿಕದ ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ದೀರ್ಘಕಾಲ ಪ್ರಯೋಗ ನಡೆಸಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ನಾಯಿಮರಿಯ ಸಾಮಾಜಿಕ ಸಂಬಂಧಗಳು ರೂಪುಗೊಳ್ಳುತ್ತವೆಂದು ತೋರಿಸಿದರು. ಆ ಅವಧಿಯಲ್ಲಿ ಬಳಕೆಯಾದ ಪ್ರಾಣಿ ಮರಿಗೆ ತನ್ನ ಬಳಗದ್ದೆನಿಸುತ್ತದೆ. ಅನಂತರ ಮೊದಲ ಬಾರಿಗೆ ಕಂಡ ಪ್ರಾಣಿ ಹೊರಗಿನದಾಗಿ ಉಳಿಯುವ ಸಂಭವ ಹೆಚ್ಚು. ಎಂಟು ಹತ್ತು ವಾರದ ಮರಿಯನ್ನು ಒಕ್ಕಲು ಮನೆಗೆ ಬಿಡುತ್ತಿದ್ದ ಹಳ್ಳಿಗರು ಈ ಅವಧಿ ಮುಗಿಯುವ ಮೊದಲೇ ಮರಿಯನ್ನು ಕುರಿದನಗಳ ನಡುವೆ ತಂದಿಡುತ್ತಿದ್ದರು. ಇದೇ ತತ್ತ್ವವು ಕಾವಲು ನಾಯಿಗಳ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1833ರಲ್ಲಿ ಇಂದಿನ ಉರುಗ್ವೆ ದೇಶದಲ್ಲಿ ಸಂಚರಿಸುತ್ತಿದ್ದ ಚಾರ್ಲ್ಸ್ ಡಾರ್ವಿನ್ನನು, ಅಲ್ಲಿಯ ಕುರಿಗಾಹಿಗಳು ನಾಯಿಮರಿಯನ್ನು ಎಳೆತನದಲ್ಲಿಯೇ ತಾಯಿಯಿಂದ ಬೇರ್ಪಡಿಸಿ, ದಿನಕ್ಕೆ ಮೂರು ನಾಲ್ಕು ಸಲ ಕುರಿಯ ಹಾಲನ್ನು ಉಣಿಸಿ, ಕುರಿದೊಡ್ಡಿಯಲ್ಲಿಯೇ ಉಣ್ಣೆಯ ಹಾಸಿಗೆ ಮಾಡಿ ಬೆಳೆಸುವುದನ್ನೂ, ಹಾಗೆ ಬೆಳೆದ ನಾಯಿ ಯಾವ ಮನುಷ್ಯನೂ ಇಲ್ಲದೆ ಮಂದೆಯನ್ನು ಕಾಯುವುದನ್ನೂ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ಬೇಟೆಯ ನಾಯಿಯನ್ನು ಇಷ್ಟು ದೂರ ಒಯ್ಯಲಾಗದು. ಅದರ ಬೆನ್ನಟ್ಟುವ ಪ್ರವೃತ್ತಿಯನ್ನೇ ಅಳಿಸಿದರೆ ಅದು ಬೇಟೆಯ ನಾಯಿಯಾಗಿ ಉಳಿಯುವುದಿಲ್ಲ. ಪ್ರವೃತ್ತಿಯನ್ನು ಉಳಿಸಿಕೊಂಡು, ಕುರಿಯನ್ನು ಮಾತ್ರ ಅದರ ವ್ಯಾಪ್ತಿಯಿಂದ ಹೊರಗಿಡುವುದೇ ಈ ಶಿಕ್ಷಣದ ಕಷ್ಟವಾದ ಕೆಲಸ.

ಇಷ್ಟಾದರೂ ತಪ್ಪುಗಳು ನಡೆಯದಿರಲಿಲ್ಲ. ಆಗ ಕುರಿಗಾಹಿಗೆ ನ್ಯಾಯಾಲಯದಲ್ಲಿ ಏನು ಸಿಗುತ್ತಿತ್ತು? ಇಂಗ್ಲೆಂಡಿನ ಸಾಮಾನ್ಯ ನ್ಯಾಯದಂತೆ, ನಾಯಿಗೆ ಅಂತಹ ದುಷ್ಟ ಚಾಳಿಯುಂಟೆಂಬುದು ಒಡೆಯನಿಗೆ ಮೊದಲೇ ತಿಳಿದಿತ್ತೆಂದು ಕುರಿಯನ್ನು ಕಳೆದುಕೊಂಡವನೇ ರುಜುವಾತುಪಡಿಸಬೇಕಾಗಿತ್ತು. ಇನ್ನೊಬ್ಬನ ಮನೆಯ ನಾಯಿಯ ಹಿಂದಿನ ನಡತೆಯನ್ನು ಬಡ ಕುರಿಗಾಹಿಯು ಹೇಗೆ ತಾನೇ ರುಜುವಾತು ಮಾಡಿಯಾನು? ಸ್ಕಾಟ್ಲೆಂಡಿನಿಂದ ಬಂದ ಫ್ಲೆಮಿಂಗ್ ಮತ್ತು ಆರ್ ಎಂಬವರ ವ್ಯಾಜ್ಯದಲ್ಲಿ 1855ರಲ್ಲಿ ಪ್ರಭುಸಭೆಯು ಇದೇ ನಿಯಮವನ್ನು ಅಲ್ಲಿಗೂ ಅನ್ವಯಿಸಿದಾಗ ಅಸಮಾಧಾನ ಹೆಚ್ಚಿತು. 1863ರಲ್ಲಿ ಸ್ಕಾಟ್ಲೆಂಡಿಗೂ, 1865ರಲ್ಲಿ ಇಂಗ್ಲೆಂಡಿಗೂ ಹೊಸ ಕಾಯಿದೆಗಳು ಬಂದುವು. ನಾಯಿಯು ಕುರಿಯನ್ನೋ ದನವನ್ನೋ ಗಾಯಗೊಳಿಸಿದರೆ, ಅದರ ಹಿಂದಿನ ಚಾಳಿಯನ್ನು ರುಜುವಾತುಪಡಿಸದೆಯೇ ಒಡೆಯನು ಪರಿಹಾರಕ್ಕೆ ಹೊಣೆಯೆಂದು ಅವು ವಿಧಿಸಿದುವು. 1906ರ ಕಾಯಿದೆ ಈ ರಕ್ಷಣೆಯನ್ನು ಕುದುರೆ, ಕತ್ತೆ, ಆಡು, ಹಂದಿಗಳಿಗೂ ವಿಸ್ತರಿಸಿತು. 1953ರ ಕಾಯಿದೆಯಂತೆ ಕೃಷಿಭೂಮಿಯಲ್ಲಿ ನಾಯಿಯು ಸಾಕುಪ್ರಾಣಿಗಳನ್ನು ಪೀಡಿಸುವುದು ದಂಡನೀಯ ಅಪರಾಧವೇ ಆಯಿತು.

ಈ ಕಾಯಿದೆಗೆ 1981ರಲ್ಲಿ ಆದ ತಿದ್ದುಪಡಿ ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಕುರಿಗಳಿರುವ ಹೊಲದಲ್ಲಿ ನಾಯಿಯನ್ನು ಹಿಡಿತವಿಲ್ಲದೆ ಬಿಡುವುದೇ ಅಪರಾಧವೆಂದು ಅದು ಸಾರಿತು. ಆದರೆ ಕೆಲವಕ್ಕೆ ವಿನಾಯಿತಿ ಕೊಟ್ಟಿತು. ಹೊಲದವನ ನಾಯಿ, ಪೋಲೀಸರ ನಾಯಿ, ಕುರುಡರಿಗೆ ದಾರಿ ತೋರುವ ನಾಯಿ, ತರಬೇತಾದ ಕುರಿನಾಯಿ ಇವುಗಳ ಜೊತೆಗೆ ಕೋವಿಬೇಟೆಯ ನಾಯಿಯೂ ಬೇಟೆನಾಯಿಗಳ ಹಿಂಡೂ ಆ ಪಟ್ಟಿಯಲ್ಲಿ ಸೇರಿದುವು. ಇದನ್ನು ಎರಡು ರೀತಿಯಾಗಿ ಅರ್ಥೈಸಬಹುದು. ಶತಮಾನಗಳ ಶಿಕ್ಷಣಕ್ರಮದ ಮೇಲೆ ಶಾಸನಸಭೆ ಇಟ್ಟ ವಿಶ್ವಾಸವೆನ್ನಬಹುದು. ಬೇಟೆಯಾಡುವ ವರ್ಗದ ಪ್ರಭಾವದ ಉಳಿಕೆಯೆನ್ನಲೂಬಹುದು. ಎರಡರಲ್ಲಿಯೂ ಸತ್ಯಾಂಶವಿದೆಯೆಂದು ನಮಗೆ ತೋರುತ್ತದೆ. ನಾಯಿಗಳಿಂದ ನರಿಯನ್ನು ಬೇಟೆಯಾಡುವುದನ್ನು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ 2004ರ ಕಾಯಿದೆ ನಿಷೇಧಿಸಿದ ಮೇಲೆ ಆ ಬೇಟೆಯು ಚರಿತ್ರೆಗೆ ಸೇರಿತು.

ಒಂದು ಅಂಶವನ್ನು ಇಲ್ಲಿ ಮರೆಯಬಾರದು. ಮರಿಗಳನ್ನು ಒಂದು ವರ್ಷ ಸಾಕಿ, ಅವು ಕೆಡವಿದ ಹಾಲಿನ ಪಾತ್ರೆಗಳನ್ನೂ ಕಚ್ಚಿದ ಕೋಳಿಗಳನ್ನೂ ಸಹಿಸಿಕೊಂಡವನು ಗೇಣಿದಾರನು. ಆ ಮನೆಯ ಹೆಂಗಸರು ಮಕ್ಕಳು ಉಣಿಸಿ ಗದರಿಸಿ ತಿದ್ದಿದ ಮರಿಯೇ ಮುಂದೆ ಹಿಂಡಿನಲ್ಲಿ ಒಳ್ಳೆಯ ನಾಯಿಯೆನಿಸಿಕೊಂಡಿತು. ಕೈಪಿಡಿಗಳಲ್ಲಿ ಕೀರ್ತಿ ಸಂದುದು ಬೇಟೆಯ ಯಜಮಾನನಿಗೆ. ಶಿಕ್ಷಣದ ಮೊದಲ ಪಾಠವನ್ನು ಹೇಳಿದವರು ಕುರಿಯ ಒಡೆಯರೇ. ಬೇಟೆಯಿಂದ ಹಾನಿಗೊಳಗಾಗಬಹುದಾದವರೇ ಬೇಟೆಯ ನಾಯಿಯನ್ನು ಸಾಧುವಾಗಿಸಿದರೆಂಬುದು ಈ ಚರಿತ್ರೆಯ ಸಾರವೆಂದು ಹೇಳಬಹುದು.

ನಮ್ಮ ನಾಡಿಗೂ ಈ ವಿಚಾರ ಹೊರತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ನಮ್ಮಲ್ಲಿ ಬೇಟೆ ನಿಂತುಹೋಗಬೇಕಾಯಿತು. ಬೇಟೆಗೆಂದು ರೂಪುಗೊಂಡ ಮುಧೋಳದ ನಾಯಿ ಮಾತ್ರ ಉಳಿದಿದೆ. ಓಡುವುದನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವ ಈ ತಳಿಯನ್ನು ಇಂದು ಊರಿನಲ್ಲಿಯೂ ನಗರದಲ್ಲಿಯೂ ಸಾಕುವವರಿದ್ದಾರೆ. ಕುರಿಯನ್ನೇ ಕಾಣದೆ ಬೆಳೆದ ಮರಿ ಒಂದು ದಿನ ಹಗ್ಗ ಬಿಚ್ಚಿಕೊಂಡು ಮಂದೆಯನ್ನು ಎದುರಾದರೆ ಆಗುವ ಹಾನಿಗೆ ಮರಿಯನ್ನು ದೂಷಿಸಿ ಫಲವಿಲ್ಲ. ಅದನ್ನು ಎಳೆತನದಲ್ಲಿಯೇ ಹಟ್ಟಿಯ ಬಳಿ ಬಳಸದಿದ್ದ ಒಡೆಯನದು ಆ ಹೊಣೆ.

ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ ಇಷ್ಟೆ. ಬೇಟೆಯ ಶಾಸನಗಳನ್ನೂ ಚಿತ್ರಗಳನ್ನೂ ಗ್ರಂಥಗಳನ್ನೂ ಪರಿಶೀಲಿಸುವಾಗ, ಬೇಟೆಗಾರನ ಮತ್ತು ಮೃಗದ ನಡುವೆ ಕಾಣದೆ ನಿಂತಿರುವ ಮೂರನೆಯವನನ್ನು, ಎಂದರೆ ಆ ದಾರಿಯಲ್ಲಿ ಮಂದೆ ಮೇಯಿಸುತ್ತಿದ್ದವನನ್ನು, ಹುಡುಕಬೇಕು. ಆತಕೂರಿನ ಕಾಳಿಯು ಹಂದಿಯೊಡನೆ ಹೋರಾಡಿ ಸತ್ತು ಕಲ್ಲಿನಲ್ಲಿ ಉಳಿಯಿತು. ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಅದು ಮುಟ್ಟದೆ ಬಿಟ್ಟ ಕುರಿಗಳಿದ್ದಿದ್ದರೆ, ಅವನ್ನು ಬಿಡುವಂತೆ ಅದಕ್ಕೆ ಕಲಿಸಿದ ಕೈಗಳೂ ಇದ್ದಿರಬೇಕು. ಆ ಕೈಗಳ ಚರಿತ್ರೆಯನ್ನು ಬರೆಯುವ ಕೆಲಸ ಇನ್ನೂ ಉಳಿದಿದೆ.